ಹಾರ್ನಿನಲ್ಲಿ ಕೇಳಿದ ಸ್ವರ

ಮಣಿಪಾಲದಲ್ಲಿ ಮೇಷ್ಟ್ರಾಗಿದ್ದ ಆ ದಿನಗಳಲ್ಲಿ ವಿಮರ್ಶಕನೆಂಬ ಹೆಸರು ನನಗೆ ಬರಬೇಕಾದ್ದಕ್ಕಿಂತ ಬೇಗ ಬಂದುಬಿಟ್ಟಿತ್ತು. ಉಡುಪಿಯ ಒಂದು ವಾರಪತ್ರಿಕೆಗೆ ಯಕ್ಷಗಾನದ ಬಗ್ಗೆ ಬರೆಯುತ್ತಿದ್ದೆ. ಬೈದು ಬರೆದರೆ ಓದುವವರು ಹೆಚ್ಚೆಂದು ಎರಡೇ ವಾರದಲ್ಲಿ ಕಲಿತಿದ್ದೆ. ಅಪ್ಪ ಮೂವತ್ತು ವರ್ಷಗಳಿಂದ ಮೇಳದ ಭಾಗವತರು; ಅವರು ಪದ ಹೇಳಿದರೆ ವೇಷಧಾರಿಗಳು ಕುಣಿಯಬೇಕು. ಅವರ ಬಗ್ಗೆ ಮಾತ್ರ ನಾನು ಒಂದಕ್ಷರವೂ ಬರೆದಿರಲಿಲ್ಲ.

ಮಳೆಗಾಲದಲ್ಲಿ ಮೇಳಕ್ಕೆ ರಜೆ. ಅಂಥ ಒಂದು ಭಾನುವಾರ ಮಧ್ಯಾಹ್ನ ಕಾಲೇಜಿನ ಸಭಾಂಗಣದಲ್ಲಿ ಇಟಲಿಯ ಒಪೆರಾ ಒಂದರ ಫಿಲ್ಮು ತೋರಿಸುತ್ತಾರೆಂದು ತಿಳಿದು, ಉದ್ಯಾವರದ ಮನೆಯಿಂದ ಅಪ್ಪನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಕೆಮ್ಮಣ್ಣು ಎಂಬ ಊರಿನ ಇಗರ್ಜಿಯಲ್ಲಿ ಕ್ರಿಸ್ತನ ಗೀತೆ ಹಾಡುತ್ತಿದ್ದ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕುಳಿತು ಕಥೆ ಹೇಳುತ್ತಿದ್ದರು. ಬಡ ಮೀನುಗಾರ, ಸಿರಿವಂತನ ಮಗಳು, ಕೊನೆಗೆ ವಿಷ.

ನಮ್ಮ ಮನೆಮಾತು ತುಳು. ಆದರೆ ಯಕ್ಷಗಾನದ ಆಟದ ವಿಷಯ ಬಂದರೆ ಅಪ್ಪ ತಾವಾಗಿಯೇ ಕನ್ನಡಕ್ಕೆ ತಿರುಗುತ್ತಿದ್ದರು.

"ಇವರಿಗೆ ಭಾಗವತರು ಇಲ್ವಾ?" ಎಂದು ಕೇಳಿದರು.

"ವೇಷದವರೇ ಹಾಡುವುದು ಅಪ್ಪ."

"ಹಾಗಾದರೆ ಕುಣಿಯಲಿಕ್ಕೆ ಉಸಿರು ಎಲ್ಲಿ ಉಂಟು?"

ನಿಜಕ್ಕೂ ಯಾರೂ ಕುಣಿಯಲಿಲ್ಲ. ಗುಂಪಾಗಿ ಹಾಡುವವರು ಬಹುಮಾನಕ್ಕೆ ಕಾದ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದರು. ರಂಗದ ಹಿಂದಿನ ಪರದೆಯಲ್ಲಿ ಬರೆದ ಸಮುದ್ರದ ನಟ್ಟನಡುವೆ ಮಡಿಕೆಯ ಗೆರೆ ಕಾಣುತ್ತಿತ್ತು. ವಿಷ ಕುಡಿದ ನಾಯಕಿ ಸಾಯಲು ಕಾಲು ಗಂಟೆ ತೆಗೆದುಕೊಂಡಳು. ಇಪ್ಪತ್ತರ ಮೀನುಗಾರನಾಗಿ ಬಂದವನಿಗೆ ಐವತ್ತು ದಾಟಿತ್ತು. ಎತ್ತರಕ್ಕೆ ಹೋದಾಗಲೆಲ್ಲ ಅವನ ಸ್ವರ ಒಡೆದು ಕರಕರ ಎನ್ನುತ್ತಿತ್ತು. ನಾನು ಎಲ್ಲವನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಅಪ್ಪ ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಬೆರಳಾಡಿಸುತ್ತಿದ್ದರು.

ಬಸ್ಸಿಗೆ ಕಾಯುವಾಗ ಅವರು ಹೇಳಿದರು: "ಆ ಗಂಡಸಿನ ಸ್ವರ ಹಾಳಾಗಿಲ್ಲ. ಎಲ್ಲಿ ಕೂರಬೇಕೋ ಅಲ್ಲೇ ಕೂತಿದೆ. ಗೋಡೆಗೆ ಕಟ್ಟಿದ ಆ ಸ್ಪೀಕರಿನ ಹಾರ್ನು ಹಾಳಾಗಿದೆ. ತುಂಬಿ ಹಾಡುವಾಗ ತಡೆಯಲಿಕ್ಕೆ ಅದಕ್ಕೆ ಆಗುವುದಿಲ್ಲ."

"ನಿಮಗೆ ಆ ಸಂಗೀತ ಗೊತ್ತಿಲ್ಲ ಅಪ್ಪ."

"ಅದು ಹೌದು" ಎಂದರು.

ಆ ವಾರ ನನ್ನ ಲೇಖನ ಬಂತು. ಸಮುದ್ರದ ಮಡಿಕೆ, ನಾಯಕಿಯ ಸಾವು ಎಲ್ಲವನ್ನೂ ಗೇಲಿ ಮಾಡಿದ್ದೆ. ಕೊನೆಗೆ, ಸ್ವರ ಹೋದ ಮೇಲೂ ರಂಗ ಬಿಡದವರು ಇಟಲಿಯಲ್ಲಿ ಮಾತ್ರ ಇಲ್ಲ, ನಮ್ಮ ಮೇಳಗಳಲ್ಲೂ ಇದ್ದಾರೆ ಎಂದು ಬರೆದಿದ್ದೆ. ಯಾರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದಲ್ಲ ಎಂದು ಆಮೇಲೆ ಹಲವರಲ್ಲಿ ಹೇಳಿದ್ದೇನೆ. ಅದು ಶುದ್ಧ ಸುಳ್ಳು. ಮೇಳ ಡೇರೆ ಕಟ್ಟಿ, ಟಿಕೆಟಿಟ್ಟು, ಮೈಕು ತಂದ ಮೇಲೆ ಅಪ್ಪನ ಪದ ನನಗೆ ಒರಟಾಗಿ ಕೇಳುತ್ತಿತ್ತು. ಸ್ನೇಹಿತರ ಜೊತೆ ಮುಂದಿನ ಸಾಲಿನಲ್ಲಿ ಕುಳಿತು ನಾನು ನಾಚಿಕೆಪಟ್ಟಿದ್ದೆ.

ದೀಪಾವಳಿಗೆ ಮೊದಲು, ಊರೂರು ಆಟ ಆಡುವ ತಿರುಗಾಟಕ್ಕೆ ಜನ ಗೊತ್ತು ಮಾಡುವ ಹೊತ್ತಿನಲ್ಲಿ, ಮೇಳದ ಯಜಮಾನರು ಮನೆಗೆ ಬಂದರು. ಕಾಫಿ ಕುಡಿದು, ಬಹಳ ಹೊತ್ತು ಅದು ಇದು ಮಾತಾಡಿ, ಈ ವರ್ಷ ಅಪ್ಪನ ಜಾಗದಲ್ಲಿ ಎಳೆಯ ಭಾಗವತರೊಬ್ಬರನ್ನು ಕೂರಿಸುತ್ತೇನೆಂದರು.

"ಹೊರಗಿನವರು ಬರೆದಿದ್ದರೆ ನಾನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ ಭಾಗವತರೇ. ನಿಮ್ಮ ಮಗನೇ ಬರೆದಿದ್ದಾರಲ್ಲ."

ಅಪ್ಪ ನನ್ನ ಕಡೆ ನೋಡಲಿಲ್ಲ. "ಅವನು ಓದಿದವನು" ಎಂದರು, ಅಷ್ಟೆ. ಅವರ ಕೆಂಪು ಮುಂಡಾಸು ಮತ್ತು ತಾಳ ಆ ವರ್ಷ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಸ್ನಾನ ಮಾಡುವಾಗ ಗುನುಗುವುದೂ ನಿಂತಿತು. ಅಮ್ಮ ನನಗೆ ಊಟ ಬಡಿಸುವಳು, ಮಾತಾಡುತ್ತಿರಲಿಲ್ಲ.

ಬೇಸಿಗೆಯಲ್ಲಿ ಅದೇ ಫಿಲ್ಮು ಕಾರ್ಕಳದ ಇಗರ್ಜಿಯ ಹಾಲಿಗೆ ಬಂತು. ಸಹೋದ್ಯೋಗಿ ಒತ್ತಾಯ ಮಾಡಿ ಕರೆದುಕೊಂಡು ಹೋದರು. ಅಲ್ಲಿ ಹೊಸ ಸ್ಪೀಕರು ತರಿಸಿದ್ದರು. ಮೀನುಗಾರ ಬಾಯಿ ತೆರೆದ. ಎತ್ತರದ ಸ್ವರ ಎಲ್ಲೂ ಒಡೆಯದೆ, ತುಂಬಿಕೊಂಡು, ಹಾಲಿನ ಕೊನೆಯವರೆಗೆ ಬಂದು ನಿಂತಿತು. ಅವನ ವಯಸ್ಸು ನನಗೆ ಕಾಣಲೇ ಇಲ್ಲ. ಅಪ್ಪನ ಸ್ವರವನ್ನೂ ಮೇಳದ ಅಂಥದ್ದೇ ಹರಕು ಹಾರ್ನಿನಲ್ಲಿ ಕೇಳಿ ತೀರ್ಪು ಕೊಟ್ಟಿದ್ದೆನೆಂದು ಆಗ ಹೊಳೆಯಿತು. ಮೈಕು ಬರುವ ಮೊದಲು ಅದೇ ಸ್ವರ ಗದ್ದೆಯ ಆಚೆಯ ಅಂಚಿನವರೆಗೂ ಕೇಳಿದ್ದನ್ನು ನಾನು ಬಾಲ್ಯದಿಂದ ಬಲ್ಲೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ.

"ಕೊನೆಯ ಸ್ವರ ನಿಂತಿತಾ?" ಎಂದು ಆಸೆಯಿಂದ ಕೇಳಿದರು.

"ನಿಂತಿತು ಅಪ್ಪ. ನೀವು ಹೇಳಿದ್ದೇ ಸರಿ."

"ಹಾಗಾದರೆ ಬರೆ. ಪಾಪ, ಅವನ ಹೆಸರು ಕೆಡಿಸಿದ್ದೀಯಲ್ಲ."

ಬರೆದೆ. ಗಾಯಕನ ದೋಷವಲ್ಲ, ಯಂತ್ರದ ದೋಷ, ನನ್ನ ಕಿವಿಯ ದೋಷ ಎಂದು ಬರೆದೆ. ಮೇಳದವರ ಬಗ್ಗೆ ಬರೆದಿದ್ದ ಸಾಲು ನೆನಪಾದಾಗ ಕೈ ತಡೆಯಿತು. ಅದನ್ನು ತಿದ್ದಿದರೆ ಯಾರನ್ನು ಕುರಿತು ಬರೆದಿದ್ದೆನೆಂದು ನಾನೇ ಒಪ್ಪಿಕೊಂಡಂತೆ. ಬಿಟ್ಟುಬಿಟ್ಟೆ.

ಪತ್ರಿಕೆ ಬಂದ ದಿನ ಅಪ್ಪ ಜಗಲಿಯಲ್ಲಿ ಕುಳಿತು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಎರಡನೆಯ ಸಲ ಮುಗಿದ ಮೇಲೂ ಕಾದರು.

"ಇಷ್ಟೇ ಇರುವುದಾ?"

"ಇಷ್ಟೇ ಅಪ್ಪ."

"ಆಯಿತು. ಅವನಿಗಾದರೂ ನ್ಯಾಯ ಸಿಕ್ಕಿತಲ್ಲ" ಎಂದು ಎದ್ದು ಒಳಗೆ ಹೋದರು.