ಬಂಡೆಯ ಸಂದಿಯಲ್ಲಿ ಒಂದು ಉಸಿರು

ನಾನು ಚಿಕ್ಕವನಿದ್ದಾಗ ನಮ್ಮ ಮನೆ ರಂಗಂಪೇಟೆಯ ಅಂಚಿನಲ್ಲಿ, ಬಂಡೆಗಲ್ಲಿನ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಅಪ್ಪ ಕೂಲಿಗೆ ಹೋಗುವ ಮುಂಚೆ ದಿನಾ ಬುದ್ಧನ ಪಟದ ಮುಂದೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂಡುತ್ತಿದ್ದ. ಅಕ್ಕನೂ ನಾನೂ ಅವನ ಪಕ್ಕದಲ್ಲಿ ಕೂಡಬೇಕು. ಸಗಣಿ ಸಾರಿಸಿದ ನೆಲ ತಣ್ಣಗಿರುತ್ತಿತ್ತು. ಅವ್ವ ಹಂಚಿನ ಮೇಲೆ ಹಾಕಿದ ಜೋಳದ ರೊಟ್ಟಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಒಂದು ಕಣ್ಣು ತಾನಾಗಿ ತೆರೆಯುತ್ತಿತ್ತು.

“ಅಪ್ಪಾ, ಸುಮ್ನ ಕುಂತ್ರ ಏನ್ ಸಿಗ್ತದ?” ಎಂದು ಒಮ್ಮೆ ಕೇಳಿದೆ.

“ಏನೂ ಸಿಗಂಗಿಲ್ಲೋ. ಉಸಿರು ಬರ್ತದ, ಹೋಗ್ತದ. ಅದನ್ನ ನೋಡ್ಕೋತ ಕುಂದ್ರು,” ಎಂದು ಅಪ್ಪ ನಕ್ಕ.

ಬೇಸಿಗೆಯ ಒಂದು ಮುಂಜಾನೆ ಅಕ್ಕ ಮತ್ತು ನಾನು ಆಡು ಹೊಡೆದುಕೊಂಡು ಗುಡ್ಡ ಹತ್ತಿದೆವು. ಎಳೆಯ ಕರಿ ಮರಿಯೊಂದು ಜಿಗಿಯುತ್ತಾ ಹೋಗಿ ಎರಡು ಬಂಡೆಗಳ ಸಂದಿಯೊಳಗೆ ಜಾರಿತು. ಅದರ ಕೂಗು ಕೇಳಿ ತಾಯಿ ಆಡು ಸುತ್ತ ಸುತ್ತ ತಿರುಗಿತು. ಅಕ್ಕನಿಗೆ ಆ ಸಂದಿ ಸಾಲದು. ನಾನು ಮೈ ಓರೆ ಮಾಡಿ ಒಳಗೆ ನುಸುಳಿದೆ. ಮರಿಯನ್ನು ಎತ್ತಿ ಅಕ್ಕನ ಕೈಗೆ ಕೊಟ್ಟದ್ದೂ ಆಯಿತು. ಆದರೆ ಹೊರಗೆ ಬರುವಾಗ ನನ್ನ ಎದೆ ಸಿಕ್ಕಿಕೊಂಡಿತು.

ಮುಂದೆ ಕಲ್ಲು, ಹಿಂದೆ ಕಲ್ಲು. ಬಾಯಲ್ಲಿ ಮಣ್ಣಿನ ರುಚಿ. ಚೀರಿದೆ, ಕಾಲು ಬಡಿದೆ. ಏದುಸಿರು ಬಿಟ್ಟಷ್ಟೂ ಎದೆ ಉಬ್ಬಿ, ಬಂಡೆ ಇನ್ನೂ ಬಿಗಿಯಾಯಿತು. ಗುಡ್ಡದ ಮೇಲೆ ಬೇರೆ ಯಾರೂ ಇರಲಿಲ್ಲ. ಅಕ್ಕನ ಮುಖ ಬಿಳಿಚಿಕೊಂಡಿತ್ತು, ಆದರೆ ಅವಳ ದನಿ ನಡುಗಲಿಲ್ಲ. ನನ್ನ ಕೈ ಹಿಡಿದುಕೊಂಡಳು.

“ತಮ್ಮಾ, ಒದ್ದಾಡಬ್ಯಾಡ. ಕಣ್ ಮುಚ್ಚು. ಮನ್ಯಾಗ ಅಪ್ಪನ ಬಾಜೂಕ ಕುಂತೀವಿ ಅನ್ಕೋ. ಉಸಿರು ಸಾವಕಾಶ ಹೊರಗ ಬಿಡು.”

ಕಣ್ಣು ಮುಚ್ಚಿದೆ. ದಿನಾ ಮಾಡಿದ ಕೆಲಸ, ಮೈಗೇ ನೆನಪಿತ್ತು. ಉಸಿರು ಬಂತು, ಹೋಯಿತು. ಎದೆಯ ಬಡಿತ ಮೆಲ್ಲಗೆ ಇಳಿಯಿತು. ಪೂರ್ತಿ ಉಸಿರು ಬಿಟ್ಟಾಗ ಎದೆಗೂ ಕಲ್ಲಿಗೂ ನಡುವೆ ಕೂದಲೆಳೆಯಷ್ಟು ಜಾಗವಾಯಿತು. ಅದೇ ಕ್ಷಣಕ್ಕೆ ಅಕ್ಕ ಎಳೆದಳು. ಅಂಗಿ ಹರಿಯಿತು, ಹೊಟ್ಟೆ ತರಚಿತು, ನಾನು ಅವಳ ಮಡಿಲಿಗೆ ಬಿದ್ದೆ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಕ್ಕ ಆಗ ಜೋರಾಗಿ ಅತ್ತುಬಿಟ್ಟಳು.

ಸಂಜೆ ಅಪ್ಪ ಗಾಯಕ್ಕೆ ಅರಿಶಿನ ಹಚ್ಚಿದ. ಬೈಯಲಿಲ್ಲ. “ಭಾಳ ಧೈರ್ಯದಾಕಿ ನೀ,” ಎಂದು ಅಕ್ಕನ ತಲೆ ಸವರಿದ. ಮರುದಿನ ಪಟದ ಮುಂದೆ ಕೂಡಲು ನನ್ನನ್ನು ಯಾರೂ ಕರೆಯಬೇಕಾಗಲಿಲ್ಲ.

ಮಕ್ಕಳೇ, ಈಗ ನಾವಿರುವುದು ಯಾದಗಿರಿಯ ಪೇಟೆಯಲ್ಲಿ. ಕಾಲ ಕೆಳಗೆ ಟೈಲ್ಸ್, ಬಾಗಿಲಿಗೆ ಬಂದು ಹಾರ್ನ್ ಹೊಡೆಯುವ ಸ್ಕೂಲ್ ವ್ಯಾನ್. “ಟೈಮೇ ಇಲ್ಲ ಅಜ್ಜಾ” ಎನ್ನುತ್ತೀರಿ. ನಿಮ್ಮ ಹೆದರಿಕೆಗಳೂ ಬೇರೆ: ಪರೀಕ್ಷೆ, ಹೊಸ ಶಾಲೆ, ಮಾತು ಬಿಟ್ಟ ಗೆಳತಿ. ಅಲ್ಲಿಗೆಲ್ಲ ನಾನು ನಿಮ್ಮ ಹಿಂದೆ ಬರಲಾರೆ. ಅದಕ್ಕೇ ಹೇಳುತ್ತೇನೆ, ನಾಳೆ ಮುಂಜಾನೆ ವ್ಯಾನ್ ಬರುವ ಮುಂಚೆ ನನ್ನ ಪಕ್ಕ ಬಂದು ಸ್ವಲ್ಪ ಹೊತ್ತು ಕೂಡಿರಿ. ಎಲ್ಲರಿಗಿಂತ ಚಿಕ್ಕವಳು ನನ್ನ ತೊಡೆಯ ಮೇಲೆ ಕೂತರೂ ನಡೆದೀತು.