ಕಿತ್ತುಕೊಂಡವರೇ ಕಾಪಾಡಿದ ಕಾಮಿಕ್ಸ್

ಗೊತ್ತಿಲ್ಲದ ಕೆಲಸವನ್ನು ಒಪ್ಪಿಕೊಂಡುಬಿಡುವ ಚಾಳಿ ನನ್ನದು. ತಿಪಟೂರಿನ ಓದುಗ ಮಿತ್ರರು, ಎಂದೋ ನಿಂತುಹೋದ ಮಕ್ಕಳ ಕಾಮಿಕ್ಸ್ ವಾರಪತ್ರಿಕೆಯ ಚರಿತ್ರೆ ಬರೆದುಕೊಡಿ ಎಂದಾಗ, "ಅದನ್ನು ಓದಿಕೊಂಡೇ ಬೆಳೆದವಳು ನಾನು" ಎಂದುಬಿಟ್ಟೆ. ನಿಜವೆಂದರೆ ಒಂದು ಸಂಚಿಕೆಯನ್ನೂ ನಾನು ಪೂರ್ತಿ ಓದಿದವಳಲ್ಲ. ಪತ್ರಿಕೆ ಗುರುವಾರ ಬಸ್ಸಿನಲ್ಲಿ ಬರುತ್ತಿತ್ತು. ಶುಕ್ರವಾರದ ಹೊತ್ತಿಗೆ ಗಣಿತದ ಸಿದ್ದಪ್ಪ ಮೇಷ್ಟ್ರು ಅದನ್ನು ಕಿತ್ತುಕೊಂಡಿರುತ್ತಿದ್ದರು.

ಚರಿತ್ರೆಗೆ ಹಳೆಯ ಸಂಚಿಕೆಗಳು ಬೇಕಲ್ಲ? ಅಚ್ಚು ಹಾಕಿದವರ ಬಳಿ ಒಂದೂ ಉಳಿದಿರಲಿಲ್ಲ. ಒಂದು ಗ್ರಂಥಾಲಯದವರು ಮಕ್ಕಳು ಮುಟ್ಟಿ ಹಾಳುಮಾಡಬಾರದೆಂದು ಜೋಪಾನವಾಗಿ ಬೀಗ ಹಾಕಿಟ್ಟು, ಎಲ್ಲವನ್ನೂ ಗೆದ್ದಲಿಗೆ ಓದಿಸಿದ್ದರು. ಕೊನೆಗೆ ತಿಳಿಯಿತು: ಪೂರ್ತಿ ಕಟ್ಟು ಇರುವುದು ಮಾಯಸಂದ್ರದಲ್ಲಿ, ನಿವೃತ್ತ ಸಿದ್ದಪ್ಪ ಮೇಷ್ಟ್ರ ಮನೆಯಲ್ಲಿ.

ಹೋದೆ. ಮೇಷ್ಟ್ರು ಬೀರು ತೆಗೆದರು. ಮೊದಲ ಸಂಚಿಕೆಯಿಂದ ಕೊನೆಯದರವರೆಗೆ ವರ್ಷವಾರು ದಾರ ಕಟ್ಟಿ ಜೋಡಿಸಿದ್ದರು. ಒಂದೊಂದರ ಮೇಲೂ ಕೆಂಪು ಶಾಯಿಯಲ್ಲಿ, ಕಳೆದುಕೊಂಡವರ ಹೆಸರು ಮತ್ತು ತರಗತಿ. ಒಳಗೆ ಪದಬಂಧದ ಮನೆಗಳೆಲ್ಲ ತುಂಬಿದ್ದವು. ಚುಕ್ಕಿ ಸೇರಿಸಿ ಬಿಡಿಸಿದ ಆನೆಗೆ ಬಣ್ಣವೂ ಬಿದ್ದಿತ್ತು.

"ಇದೆಲ್ಲ ಯಾರು ಮಾಡಿದ್ದು ಸಾರ್?"

"ಮಕ್ಳು ಗೀಚಿ ಹಾಳ್ಮಾಡ್ತಿದ್ವು ಕಣಮ್ಮ. ಅದ್ಕೆ ನಾನೇ ನೀಟಾಗಿ ಮಾಡ್ದೆ."

ಪತ್ರಿಕೆಯ ಏಳುಬೀಳನ್ನೆಲ್ಲ ಅವರೇ ಹೇಳಿದರು. ಚಿತ್ರಗಾರರು ಬದಲಾದ ಮೇಲೆ ರಾಜಕುಮಾರಿಯ ಮೂಗು ಉದ್ದವಾಯಿತು. ಬಣ್ಣದ ಪುಟಗಳು ಒಂದೊಂದಾಗಿ ಕಪ್ಪುಬಿಳುಪಿಗೆ ಇಳಿದವು. ಒಂದು ವಾರ ಮಾಂತ್ರಿಕನ ಗುಹೆಯ ಬಾಗಿಲಲ್ಲಿ ನಾಯಕನನ್ನು ನಿಲ್ಲಿಸಿದ ಪತ್ರಿಕೆ, ಮತ್ತೆ ಬರಲೇ ಇಲ್ಲ.

"ಮುಂದಿನ್ ವಾರ ಮೂರು ಸೆಕ್ಷನ್ ಬ್ಯಾಗೂ ಜಾಲಾಡ್ದೆ. ಒಬ್ರತ್ರಾನೂ ಇಲ್ಲ. ಬಚ್ಚಿಟ್ಕಂಡವ್ರೆ ಅಂತ ಇಬ್ರಿಗೆ ಬಾರಿಸಿಯೂ ನೋಡ್ದೆ." ಮೇಷ್ಟ್ರು ಕೊನೆಯ ಕಟ್ಟಿನ ದಾರ ಬಿಗಿದರು. "ಬೋ ಬೇಜಾರಾಗೋಯ್ತು ಕಣಮ್ಮ."

ಏಟು ತಿಂದ ಆ ಇಬ್ಬರ ಬೇಜಾರಿನ ಬಗ್ಗೆ ಚರಿತ್ರೆ ಮೌನವಾಗಿದೆ. ನಮ್ಮ ಶಾಲೆಯಲ್ಲಿ ಆ ಪತ್ರಿಕೆಯನ್ನು ಒಂದು ವಾರವೂ ತಪ್ಪದೆ ಓದಿದವರು, ಅದನ್ನು ಓದಿದರೆ ಮಕ್ಕಳು ಕೆಡುತ್ತಾರೆಂದು ನಂಬಿದ್ದವರೊಬ್ಬರೇ. ಅವರು ಕೆಟ್ಟಂತೆ ಕಾಣಲಿಲ್ಲ.

ಕಟ್ಟಿನ ನಡುವೆ ನನ್ನ ಹೆಸರೂ ಸಿಕ್ಕಿತು. ಏಳನೇ ತರಗತಿ, ಬಿ. ಆಸೆ ತಡೆಯಲಾಗಲಿಲ್ಲ.

"ಇದೊಂದನ್ನ ತಗೊಂಡು ಹೋಗ್ಲಾ ಸಾರ್?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಹೆಸರು ಓದಿದರು.

"ನಿಮ್ಮಪ್ಪನ್ನ ಕರ್ಕಂಬಂದು ಇಸ್ಕಂಡೋಗು ಅಂದಿದ್ದೆ. ನೀನು ಕರ್ಕಂಬರ್ಲೇ ಇಲ್ವಲ್ಲ."

ಐವತ್ತು ದಾಟಿದ ನಾನು ಅಲ್ಲೇ ಜಗಲಿಯ ಮೇಲೆ ಕೂತು ಓದತೊಡಗಿದೆ. ಮೇಷ್ಟ್ರು ಎದುರಿಗೇ ಕೂತರು. ನಾನು ನಗುವ ಮೊದಲೇ, ಯಾವ ಪುಟದಲ್ಲಿ ನಗಬೇಕೆಂದು ಅವರಿಗೆ ಗೊತ್ತಿತ್ತು.