ದೊಡ್ಡವ್ವನ ಕೈಗುಣ

ದೊಡ್ಡವ್ವ ಜ್ವರ ನೋಡುತ್ತಿದ್ದದ್ದು ಕೆನ್ನೆಯಿಂದ. ಜೋಳದ ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ತಿರುವಿ ಅವಳ ಅಂಗೈ ಜಡ್ಡುಗಟ್ಟಿತ್ತು. ಅದಕ್ಕೆ ಬಿಸಿ ತಂಪು ಒಂದೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಬಗ್ಗಿ, ತನ್ನ ಕೆನ್ನೆಯನ್ನು ನಮ್ಮ ಹಣೆಗೆ ಒತ್ತಿ, ಕಣ್ಣು ಮುಚ್ಚಿ, "ಬಂದಾವ ಬೇ, ಜ್ವರ ಬಂದಾವ" ಎನ್ನುವಳು. ಒಲೆಯ ಹೊಗೆಯ ವಾಸನೆ ನಮ್ಮ ಮೂಗಿಗೆ ಬಡಿಯುತ್ತಿತ್ತು.

ಮಾನ್ವಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ರಕ್ತ ಸಂಬಂಧವೇನಲ್ಲ, ಗೋಡೆ ಸಂಬಂಧ. ಅವಳ ಗಂಡ, ನಮ್ಮ ಪಾಲಿನ ದೊಡ್ಡಪ್ಪ, ಅಕ್ಕಿ ಗಿರಣಿಯಲ್ಲಿ ತೂಕ ನೋಡುತ್ತಿದ್ದ.

ಎಪ್ಪತ್ತರ ದಶಕದ ಕೊನೆ ಅದು. ಅಪ್ಪ ಶಕ್ತಿನಗರದ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ ಅವ್ವನಿಗೆ ಚಳಿಜ್ವರ, ಕೆಮ್ಮು, ಉಸಿರು ಎಳೆದರೆ ಪಕ್ಕೆಯಲ್ಲಿ ಚುಚ್ಚುವ ನೋವು. ಹಿಂದೊಮ್ಮೆ ಡಾಕ್ಟರು ತನಗೆ ಬರೆದುಕೊಟ್ಟಿದ್ದ ಕೆಂಪು-ಹಳದಿ ಗುಳಿಗೆಗಳಲ್ಲಿ ಉಳಿದದ್ದನ್ನು ದೊಡ್ಡವ್ವ ತಂದು ನುಂಗಿಸಿದಳು. ಅವ್ವ ಚೇತರಿಸಿಕೊಂಡು ಎದ್ದು ಕೂತಳು. ಕೂತದ್ದೇ ತಡ, ದೊಡ್ಡವ್ವ "ಜ್ವರ ಬಿಟ್ಟ ಮ್ಯಾಲ ನುಂಗೂದು ದಂಡ. ಉಳದದ್ದು ತಾ ಇಲ್ಲೆ, ನಾಳಿಗಿ ಯಾರಿಗರೆ ಬೇಕಾಗ್ತದ" ಎಂದು ಮಿಕ್ಕ ಗುಳಿಗೆಗಳನ್ನು ಇಸಕೊಂಡು ಹೋದಳು.

ಅಲ್ಲಿಂದ ಓಣಿಯಲ್ಲಿ ಅದೊಂದು ರೂಢಿಯೇ ಆಯಿತು. ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟು ಸಲೀಸಾಗಿ ಜನ ಗುಳಿಗೆ ಕೇಳುವರು. ಜ್ವರ ಇಳಿದರೆ ಉಳಿದದ್ದನ್ನು ತಂದು ದೊಡ್ಡವ್ವನ ಗುಳಿಗೆ ಡಬ್ಬಿಗೆ ಹಾಕುವರು. ಮುಚ್ಚಿಟ್ಟುಕೊಂಡವರಿಗೆ ಬೈಗುಳ. ದೇವದುರ್ಗದಿಂದ ಅವಳ ತವರಿನವರೂ ಬಸ್ಸು ಹತ್ತಿ ಬರುತ್ತಿದ್ದರು. ಕೈಗುಣ ಅಂದರೆ ದೊಡ್ಡವ್ವನದು ಎಂದು ಯಾರಾದರೂ ಹೊಗಳಿದರೆ ಸೆರಗು ಸರಿಮಾಡಿಕೊಂಡು ನಗುವಳು. "ನಮ್ಮನಿ ಡಾಕ್ಟರಮ್ಮನ ಫೀಸ್ ಒಂದ್ ಕಪ್ ಚಾ ನೋಡ್ರಿ" ಎಂದು ದೊಡ್ಡಪ್ಪ ಕಾಡಿಸುತ್ತಿದ್ದ. ಹೆಮ್ಮೆ ಎಲ್ಲರಿಗಿಂತ ಅವನಿಗೇ ಹೆಚ್ಚು.

ನಾನು ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದಾಗ ದೊಡ್ಡಪ್ಪ ಹಾಸಿಗೆ ಹಿಡಿದ. ಅದೇ ಚಳಿಜ್ವರ, ಅದೇ ಪಕ್ಕೆನೋವು. ಕಫ ಮಾತ್ರ ತುಕ್ಕಿನ ಬಣ್ಣ. ಡಬ್ಬಿಯಲ್ಲಿದ್ದದ್ದನ್ನೆಲ್ಲ ನುಂಗಿಸಿದರೂ ಜ್ವರ ಜಗ್ಗಲಿಲ್ಲ. ರಾಯಚೂರಿನ ಆಸ್ಪತ್ರೆಗೆ ತಂದಾಗ ಮಾತಿಗೊಮ್ಮೆ ಏದುಸಿರು. ಡಾಕ್ಟರು ನ್ಯುಮೋನಿಯಾ ಎಂದರು. ಸೂಜಿ ಚುಚ್ಚಿದರು, ಔಷಧ ಬದಲಿಸಿದರು, ಕಫ ಪರೀಕ್ಷೆಗೆ ಕಳಿಸಿದರು. ಪರೀಕ್ಷೆ ಮುಗಿದ ಮೇಲೆ ದೊಡ್ಡವ್ವನನ್ನು ಕರೆದು, ಮನೆಯಲ್ಲಿ ಏನು ಕೊಟ್ಟಿದ್ದಿರಿ ಎಂದು ಕೇಳಿದರು. ಅವಳು ಡಬ್ಬಿಯ ಕಥೆಯನ್ನೆಲ್ಲ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಡಾಕ್ಟರು ಬೈಯಲಿಲ್ಲ. "ಅರ್ಧಕ್ಕ ನಿಲ್ಲಿಸಿದ್ರ ಗಟ್ಟಿ ಕ್ರಿಮಿ ಉಳೀತಾವ ಯವ್ವಾ. ಅವ ಬೆಳೀತಾವ, ಒಬ್ಬರಿಂದ ಒಬ್ಬರಿಗಿ ಹೋಗ್ತಾವ. ಇವರ ಎದ್ಯಾಗಿರೋವು ನಮ್ಮ ಕಡಿ ಇರೋ ಔಷಧಕ್ಕ ಬಗ್ಗವಲ್ವು" ಎಂದರು.

"ಹಂಗಾರ ಇವನ್ನ ನಾನಽ ಸಾಕಿದೆ ಏನ್ರೀ?" ಎಂದಳು ದೊಡ್ಡವ್ವ.

"ಹಂಗ ಹೇಳಾಕ ಬರೂದಿಲ್ಲ. ನಿಮ್ಮ ಓಣ್ಯಾಗ ಹುಟ್ಟಿದ್ವೋ, ಬ್ಯಾರೆ ಎಲ್ಲಿಂದರೆ ಬಂದ್ವೋ, ಯಾರಿಗ್ಗೊತ್ತು?"

ಹೌದು ಎಂದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಅಲ್ಲ ಎಂದಿದ್ದರೆ ಸಮಾಧಾನವಾಗುತ್ತಿತ್ತು. ನಿಜ ಹೇಳಿದ ಆ ಡಾಕ್ಟರ ಮೇಲೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು.

ಮರುದಿನ ಮಧ್ಯಾಹ್ನ ದೊಡ್ಡಪ್ಪ ಅವಳ ಸೆರಗು ಹಿಡಿದು ಎಳೆದ. "ಇವರ ಸೂಜಿ... ಸಾಕು. ನಿನ್ನ ಗುಳಿಗಿ ಕೊಡು."

"ಬ್ಯಾಡ್ರಿ. ಅವು ನಿಮಗ ನಾಟೂದಿಲ್ಲ."

"ಊರಿಗೆಲ್ಲ ಕೊಟ್ಟಿ... ನನಗ ಇಲ್ಲಂತಿ?"

ಅವಳು ತಿಳಿಸಿ ಹೇಳಲು ನೋಡಿದಳು, ನಾನೂ ಹೇಳಿದೆ. ಕೇಳಿ ಅರ್ಥಮಾಡಿಕೊಳ್ಳುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಮುನಿದ ಮಗುವಿನ ಹಾಗೆ ಮುಖ ತಿರುವಿ ಮಲಗಿದ. ಸಂಜೆಯ ಹೊತ್ತಿಗೆ ಹೋಗಿಬಿಟ್ಟ.

ದೊಡ್ಡವ್ವ ಆಮೇಲೂ ಎಷ್ಟೋ ವರ್ಷ ಇದ್ದು ತೀರಿಕೊಂಡಳು. ನನ್ನ ಅವ್ವ ಇವತ್ತಿಗೂ ಅಂಗಳದಲ್ಲಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಾಳೆ. ಆ ಋಣ ನನ್ನ ತಲೆಯ ಮೇಲಿದೆ. ಒಮ್ಮೆ ಧೈರ್ಯ ಮಾಡಿ, "ದೊಡ್ಡವ್ವಾ, ನಮ್ಮವ್ವ ಉಳದದ್ದು ನಿನ್ನಿಂದ" ಎಂದಿದ್ದೆ.

"ನನಗ ಹೇಳಿ ಏನ್ ಮಾಡ್ತೀಯೋ ಯಪ್ಪಾ," ಎಂದಳು. "ಅವರು, ನಾ ಕೊಡಲಿಲ್ಲ ಅಂತ ತಿಳಕೊಂಡು ಹೋದ್ರು."